ವ್ಯಾಪಾರ ಒಪ್ಪಂದದ ಲಾಭ–ನಷ್ಟ: ಮೊದಲೇ ಲೆಕ್ಕ ಹಾಕುವುದು ಹೇಗೆ?

2019ರ ನವೆಂಬರ್ 4ರಂದು ಬ್ಯಾಂಕಾಕಿನ ಶೃಂಗಸಭೆಯಲ್ಲಿ ಭಾರತವು ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದಕ್ಕೆ ಸೇರುವುದಿಲ್ಲ ಎಂದು ತಿಳಿಸಿತು. ಪತ್ರಿಕೆಗಳಲ್ಲಿ ಆರ್‌ಸಿಇಪಿ ಎಂದು ಪರಿಚಿತವಾದ ಈ ಒಪ್ಪಂದದ ಮಾತುಕತೆ 2012ರಲ್ಲಿ ಆರಂಭವಾಗಿತ್ತು. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ 10 ದೇಶಗಳು ಮತ್ತು ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ 15 ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು. 2022ರ ಜನವರಿ 1ರಂದು ಅದು ಜಾರಿಗೆ ಬಂತು.

ಭಾರತ ಸೇರಬೇಕಿತ್ತೇ ಎಂಬ ಚರ್ಚೆ ಆಗಲೂ ಇತ್ತು, ಈಗಲೂ ಇದೆ. ಒಂದು ಪಕ್ಷ ದೊಡ್ಡ ಮಾರುಕಟ್ಟೆ ಕೈತಪ್ಪಿತು ಎನ್ನುತ್ತದೆ. ಇನ್ನೊಂದು ಪಕ್ಷ ಹೈನುಗಾರ ಉಳಿದುಕೊಂಡ ಎನ್ನುತ್ತದೆ. ಎರಡೂ ಪಕ್ಷಗಳು ಅಂಕಿಗಳನ್ನು ಮುಂದಿಡುತ್ತವೆ. ಇನ್ನೂ ನಡೆಯದ ಸಂಗತಿಯ ಅಂಕಿಗಳು ಎಲ್ಲಿಂದ ಬರುತ್ತವೆ ಎಂಬುದು ಈ ಲೇಖನದ ವಿಷಯ.

ಪ್ರಾದೇಶಿಕ ವ್ಯಾಪಾರ ಒಪ್ಪಂದ ಎಂದರೇನು?

ಕೆಲವು ದೇಶಗಳು ತಮ್ಮೊಳಗಿನ ಆಮದು ಸುಂಕವನ್ನು ತೆಗೆದುಹಾಕಲು ಅಥವಾ ಇಳಿಸಲು ಮಾಡಿಕೊಳ್ಳುವ ಒಡಂಬಡಿಕೆಯೇ ಪ್ರಾದೇಶಿಕ ವ್ಯಾಪಾರ ಒಪ್ಪಂದ. ಹೊರಗಿನ ದೇಶಗಳ ಮೇಲಿನ ಸುಂಕವನ್ನು ಪ್ರತಿ ಸದಸ್ಯ ದೇಶವೂ ತನ್ನಿಚ್ಛೆಯಂತೆ ಇಟ್ಟುಕೊಂಡರೆ ಅದು ಮುಕ್ತ ವ್ಯಾಪಾರ ಒಪ್ಪಂದ. ಹೊರಗಿನವರಿಗೆ ಎಲ್ಲರೂ ಒಂದೇ ಸುಂಕ ವಿಧಿಸಿದರೆ ಅದು ಸುಂಕ ಒಕ್ಕೂಟ. ಆರ್‌ಸಿಇಪಿ ಮೊದಲನೆಯ ಬಗೆಯದು, ಐರೋಪ್ಯ ಒಕ್ಕೂಟ ಎರಡನೆಯದು.

ವಿಶ್ವ ವ್ಯಾಪಾರ ಸಂಸ್ಥೆಯ ಮೂಲ ನಿಯಮದಂತೆ ಒಂದು ಸದಸ್ಯ ದೇಶಕ್ಕೆ ಕೊಟ್ಟ ರಿಯಾಯಿತಿಯನ್ನು ಎಲ್ಲ ಸದಸ್ಯ ದೇಶಗಳಿಗೂ ಕೊಡಬೇಕು. ಸರಕು ವ್ಯಾಪಾರ ಕುರಿತ ಅದರ ಗ್ಯಾಟ್ ಒಡಂಬಡಿಕೆಯ 24ನೆಯ ವಿಧಿ ಇದಕ್ಕೆ ಒಂದು ವಿನಾಯಿತಿ ಕಲ್ಪಿಸಿದೆ: ತಮ್ಮೊಳಗಿನ ವ್ಯಾಪಾರದ ಬಹುಪಾಲನ್ನು ಒಳಗೊಳ್ಳುವಂತಿದ್ದರೆ ಕೆಲವೇ ದೇಶಗಳು ಕೂಡಿ ಸುಂಕ ಇಳಿಸಿಕೊಳ್ಳಬಹುದು.

ಸುಂಕ ಇಳಿದರೆ ಲಾಭವೇ ಆಗಬೇಕೆಂದಿಲ್ಲ

ಸುಂಕ ಇಳಿದರೆ ಸರಕು ಅಗ್ಗವಾಗುತ್ತದೆ, ಆದ್ದರಿಂದ ದೇಶಕ್ಕೆ ಲಾಭ ಎಂಬುದು ಸರಳ ತರ್ಕ. ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ 1950ರಲ್ಲಿ ಈ ತರ್ಕದ ದೋಷವನ್ನು ತೋರಿಸಿದರು. ಒಂದು ಕಾಲ್ಪನಿಕ ಉದಾಹರಣೆಯಿಂದ ಅವರ ವಾದ ಸ್ಪಷ್ಟವಾಗುತ್ತದೆ.

ಒಂದು ಸರಕನ್ನು ನಮ್ಮ ದೇಶದಲ್ಲಿ ತಯಾರಿಸಲು ಕಿಲೋಗೆ 200 ರೂಪಾಯಿ ತಗಲುತ್ತದೆ ಎನ್ನೋಣ. ‘ಅ’ ದೇಶ ಅದನ್ನು 170ಕ್ಕೆ, ‘ಆ’ ದೇಶ 150ಕ್ಕೆ ಕೊಡಬಲ್ಲದು. ನಮ್ಮ ಆಮದು ಸುಂಕ ಶೇ 40 ಇದ್ದರೆ ‘ಅ’ದ ಸರಕು 238 ರೂಪಾಯಿ, ‘ಆ’ದ ಸರಕು 210 ರೂಪಾಯಿ ಆಗುತ್ತದೆ. ಹೀಗಾಗಿ 200 ರೂಪಾಯಿಯ ಸ್ವದೇಶಿ ಸರಕೇ ಮಾರಾಟವಾಗುತ್ತದೆ. ಈಗ ‘ಅ’ದೊಂದಿಗೆ ಒಪ್ಪಂದವಾಗಿ ಸುಂಕ ಹೋದರೆ 170ಕ್ಕೇ ಸರಕು ಸಿಗುತ್ತದೆ. ದೇಶಕ್ಕೆ ಕಿಲೋಗೆ 30 ರೂಪಾಯಿ ಉಳಿತಾಯ. ಇದು ವ್ಯಾಪಾರ ಸೃಷ್ಟಿ.

ಅದೇ ಸುಂಕ ಮೊದಲೇ ಶೇ 20 ಇತ್ತು ಎಂದುಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ‘ಅ’ದ ಸರಕು 204, ‘ಆ’ದ ಸರಕು 180. ಗ್ರಾಹಕ ‘ಆ’ದಿಂದ ಕೊಳ್ಳುತ್ತಾನೆ, ಅದರಲ್ಲಿ 30 ರೂಪಾಯಿ ಸುಂಕವಾಗಿ ಬೊಕ್ಕಸ ಸೇರುತ್ತದೆ. ‘ಅ’ದೊಂದಿಗೆ ಒಪ್ಪಂದವಾದ ಮೇಲೆ ಅದರ ಸರಕು 170ಕ್ಕೆ ಬರುವುದರಿಂದ ಕೊಳ್ಳುವವರು ಅತ್ತ ತಿರುಗುತ್ತಾರೆ. ಗ್ರಾಹಕನಿಗೆ 10 ರೂಪಾಯಿ ಉಳಿಯಿತು, ಸರ್ಕಾರಕ್ಕೆ 30 ರೂಪಾಯಿ ಹೋಯಿತು. ದೇಶ ಮೊದಲು ಪರದೇಶಕ್ಕೆ ಕೊಡುತ್ತಿದ್ದದ್ದು 150, ಈಗ ಕೊಡುವುದು 170. ಅಗ್ಗದ ಮೂಲವನ್ನು ಬಿಟ್ಟು ದುಬಾರಿ ಮೂಲಕ್ಕೆ ವ್ಯಾಪಾರ ಸರಿದ ಈ ಸ್ಥಿತಿಗೆ ವ್ಯಾಪಾರ ಪಲ್ಲಟ ಎನ್ನಬಹುದು.

ಸಾವಿರಾರು ಸರಕುಗಳಲ್ಲಿ ಯಾವುದರಲ್ಲಿ ಸೃಷ್ಟಿ ಹೆಚ್ಚು, ಯಾವುದರಲ್ಲಿ ಪಲ್ಲಟ ಹೆಚ್ಚು ಎಂಬುದನ್ನು ತರ್ಕವೊಂದೇ ಹೇಳಲಾರದು. ಎಣಿಸಿಯೇ ನೋಡಬೇಕು. ಮಾದರಿಗಳ ಅಗತ್ಯ ಹುಟ್ಟುವುದು ಇಲ್ಲಿ.

ಗುರುತ್ವ ಮಾದರಿ

ಎರಡು ಕಾಯಗಳ ನಡುವಣ ಆಕರ್ಷಣೆ ಅವುಗಳ ರಾಶಿ ಹೆಚ್ಚಿದಂತೆ ಹೆಚ್ಚುತ್ತದೆ, ದೂರ ಹೆಚ್ಚಿದಂತೆ ಕುಗ್ಗುತ್ತದೆ ಎಂಬ ನ್ಯೂಟನ್ನನ ನಿಯಮವನ್ನು ಹೋಲುವ ಸಮೀಕರಣವನ್ನು ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್ 1962ರಲ್ಲಿ ದೇಶಗಳ ವ್ಯಾಪಾರಕ್ಕೆ ಅನ್ವಯಿಸಿದರು. ಇಲ್ಲಿ ರಾಶಿಯ ಸ್ಥಾನದಲ್ಲಿ ದೇಶಗಳ ಒಟ್ಟು ಉತ್ಪನ್ನ ಇರುತ್ತದೆ. ದೂರದ ಜೊತೆಗೆ ಗಡಿ, ಭಾಷೆ, ಹಳೆಯ ವಸಾಹತು ಸಂಬಂಧಗಳನ್ನೂ ಸೇರಿಸಿಕೊಳ್ಳುತ್ತಾರೆ. ನ್ಯೂಟನ್ನನ ನಿಯಮದಲ್ಲಿ ದೂರದ ವರ್ಗ ಬರುತ್ತದೆ, ವ್ಯಾಪಾರದಲ್ಲಿ ಅಷ್ಟು ಕಠಿಣವಿಲ್ಲ: ನೂರಾರು ಅಧ್ಯಯನಗಳ ಸರಾಸರಿಯಂತೆ ದೂರ ಇಮ್ಮಡಿಯಾದರೆ ವ್ಯಾಪಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಈ ಮಾದರಿ ಹಿಂದಿನ ದತ್ತಾಂಶವನ್ನು ನೋಡಿ, ಎರಡು ದೇಶಗಳ ನಡುವೆ ಒಪ್ಪಂದ ಇದ್ದಾಗ ವ್ಯಾಪಾರ ಎಷ್ಟು ಹೆಚ್ಚಿತ್ತು ಎಂದು ಹೇಳುತ್ತದೆ. ಆದರೆ ಹೆಚ್ಚು ವ್ಯಾಪಾರ ಮಾಡುವ ದೇಶಗಳೇ ಒಪ್ಪಂದಕ್ಕೂ ಮುಂದಾಗುತ್ತವೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಬಿಡಿಸದಿದ್ದರೆ ಲೆಕ್ಕ ತಪ್ಪುತ್ತದೆ. ಸ್ಕಾಟ್ ಬೇಯರ್ ಮತ್ತು ಜೆಫ್ರಿ ಬರ್ಗ್‌ಸ್ಟ್ರಾಂಡ್ 2007ರಲ್ಲಿ ಈ ತೊಡಕನ್ನು ಸರಿಪಡಿಸಿ ನೋಡಿದಾಗ, ಮುಕ್ತ ವ್ಯಾಪಾರ ಒಪ್ಪಂದವು ಸರಾಸರಿಯಲ್ಲಿ ಹತ್ತು ವರ್ಷಗಳಲ್ಲಿ ಎರಡು ದೇಶಗಳ ನಡುವಣ ವ್ಯಾಪಾರವನ್ನು ಸುಮಾರು ಇಮ್ಮಡಿ ಮಾಡುತ್ತದೆ ಎಂದು ಕಂಡುಬಂತು.

ಇರಬೇಕಾದ ವ್ಯಾಪಾರ ಎಷ್ಟು ಎಂದು ಹೇಳುವುದರಲ್ಲಿ ಈ ಮಾದರಿಯ ಶಕ್ತಿ ಇದೆ. ಭಾರತ–ಪಾಕಿಸ್ತಾನಗಳ ನಡುವೆ ಸುಮಾರು 200 ಕೋಟಿ ಡಾಲರ್ ವ್ಯಾಪಾರವಿದ್ದ ಕಾಲದಲ್ಲಿ, ಅಡೆತಡೆಗಳು ಇಲ್ಲದಿದ್ದರೆ ಅದು 3,700 ಕೋಟಿ ಡಾಲರ್ ಆಗಬಹುದಿತ್ತು ಎಂದು ವಿಶ್ವ ಬ್ಯಾಂಕಿನ 2018ರ ವರದಿ ಅಂದಾಜಿಸಿತು. ಯಾವ ಸರಕಿನ ಬೆಲೆ ಎಷ್ಟು ಬೀಳುತ್ತದೆ, ಯಾರ ಕೆಲಸ ಹೋಗುತ್ತದೆ ಎಂಬುದನ್ನು ಮಾತ್ರ ಗುರುತ್ವ ಮಾದರಿ ಹೇಳುವುದಿಲ್ಲ.

ಒಂದೇ ಸರಕಿನ ಲೆಕ್ಕ: ರೇಷ್ಮೆಯ ಉದಾಹರಣೆ

ಬೇರೆಲ್ಲವೂ ಇದ್ದಂತೆಯೇ ಇದೆ ಎಂದುಕೊಂಡು ಒಂದೇ ಮಾರುಕಟ್ಟೆಯನ್ನು ಪರೀಕ್ಷಿಸುವ ವಿಧಾನಕ್ಕೆ ಆಂಶಿಕ ಸಮತೋಲನ ವಿಶ್ಲೇಷಣೆ ಎಂದು ಹೆಸರು. 2011–12ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಇದು ಒಪ್ಪಂದದಿಂದಾದ ಕಡಿತವಲ್ಲ, ಭಾರತ ತಾನಾಗಿ ಕೈಗೊಂಡದ್ದು. ಆದರೂ ಲೆಕ್ಕದ ದಾರಿ ಒಂದೇ. ವಿದೇಶದಲ್ಲಿ 100 ರೂಪಾಯಿಯ ನೂಲು ಮೊದಲು ಇಲ್ಲಿ 130 ರೂಪಾಯಿಗೆ ಬರುತ್ತಿತ್ತು, ಕಡಿತದ ನಂತರ 105ಕ್ಕೆ. ಬೆಲೆಯಲ್ಲಿ ಶೇ 19ರಷ್ಟು ಕುಸಿತ.

ಇನ್ನು ಬೇಕಾದದ್ದು ಎರಡು ಸಂಖ್ಯೆಗಳು. ಬೆಲೆ ಶೇ 1ರಷ್ಟು ಇಳಿದರೆ ನೇಕಾರರ ಬೇಡಿಕೆ ಶೇ ಎಷ್ಟು ಏರುತ್ತದೆ? ಶೇ 1ರಷ್ಟು ಇಳಿದರೆ ರೇಷ್ಮೆಗೂಡಿನ ಉತ್ಪಾದನೆ ಶೇ ಎಷ್ಟು ಕುಗ್ಗುತ್ತದೆ? ಇವಕ್ಕೆ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ಇವೆರಡೂ ಗೊತ್ತಾದರೆ ನೇಕಾರನಿಗೆ ಆದ ಉಳಿತಾಯ, ಬೆಳೆಗಾರ ಮತ್ತು ನೂಲು ಬಿಚ್ಚಾಣಿಕೆದಾರರಿಗೆ ಆದ ನಷ್ಟ, ಬೊಕ್ಕಸಕ್ಕೆ ಆದ ಖೋತಾ ಮೂರನ್ನೂ ಕೂಡಿ ಕಳೆಯಬಹುದು. ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳನ್ನು ಅವಲಂಬಿಸಿದ ಬೆಳೆಗಾರರ ಒತ್ತಾಯ ಬಲವಾಯಿತು, 2013–14ರ ಬಜೆಟ್ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿತು. ಆದರೆ ಹಿಪ್ಪುನೇರಳೆ ತೋಟವನ್ನು ಒಮ್ಮೆ ಕಿತ್ತ ರೈತ ಬೆಲೆ ಏರಿದ ಮರುದಿನವೇ ಮರಳಿ ಬರುವುದಿಲ್ಲ ಎಂಬುದನ್ನು ಈ ಸರಳ ಲೆಕ್ಕ ಹಿಡಿಯಲಾರದು.

ಇಡೀ ಅರ್ಥವ್ಯವಸ್ಥೆಯ ಲೆಕ್ಕ

ನೂರಾರು ಸರಕುಗಳ ಸುಂಕ ಒಟ್ಟಿಗೆ ಬದಲಾದಾಗ ಒಂದೊಂದನ್ನೇ ನೋಡಿದರೆ ಸಾಲದು. ಹಾಲಿನ ದರ ಕುಸಿದರೆ ಹಿಂಡಿ–ಬೂಸಾದ ಬೇಡಿಕೆ ತಗ್ಗುತ್ತದೆ. ಜೋಳದ ಮೇವಿನ ದರ ಇಳಿಯುತ್ತದೆ. ಹಾಲು ಹಾಕುವ ಮನೆಯವರು ಊರಿನ ಅಂಗಡಿಯಲ್ಲಿ ಮಾಡುವ ಖರ್ಚೂ ಕಡಿಮೆಯಾಗುತ್ತದೆ. ಇತ್ತ ಹಾಲಿನ ಪುಡಿ ಕೊಳ್ಳುವ ಸಿಹಿತಿಂಡಿ ಉದ್ಯಮಕ್ಕೆ ವೆಚ್ಚ ಉಳಿಯುತ್ತದೆ. ಈ ಎಲ್ಲ ಕೊಂಡಿಗಳನ್ನು ಒಟ್ಟಿಗೆ ಬಿಡಿಸುವ ವಿಧಾನವೇ ಸಾರ್ವತ್ರಿಕ ಸಮತೋಲನದ ಗಣನ ಮಾದರಿ. ಪರಿಣತರು ಇದನ್ನು ಸಿಜಿಇ ಮಾದರಿ ಎಂದು ಕರೆಯುತ್ತಾರೆ. ನಾರ್ವೆಯ ಲೈಫ್ ಯೊಹಾನ್ಸೆನ್ 1960ರಲ್ಲಿ ಇಂಥ ಮೊದಲ ಮಾದರಿಯನ್ನು ರೂಪಿಸಿದರು.

ಇದರ ಅಡಿಪಾಯ ವಾಸಿಲಿ ಲಿಯಾಂಟಿಫ್ ರೂಪಿಸಿದ ಹೂಡುವಳಿ–ಹುಟ್ಟುವಳಿ ಕೋಷ್ಟಕ. ಯಾವ ಉದ್ಯಮ ಯಾವುದರಿಂದ ಎಷ್ಟು ಕೊಂಡಿತು, ಯಾರಿಗೆ ಎಷ್ಟು ಮಾರಿತು ಎಂಬುದನ್ನು ಈ ಕೋಷ್ಟಕ ಸಾಲು–ಕಂಬಗಳಲ್ಲಿ ತೋರಿಸುತ್ತದೆ. ಕೂಲಿ, ಲಾಭ, ತೆರಿಗೆ, ಮನೆವಾರ್ತೆಯ ಖರ್ಚುಗಳನ್ನೂ ಅದಕ್ಕೆ ಸೇರಿಸಿದರೆ ದೇಶದ ಇಡೀ ಲೆಕ್ಕಪುಸ್ತಕ ಸಿದ್ಧವಾಗುತ್ತದೆ. ಒಬ್ಬನ ಖರ್ಚು ಇನ್ನೊಬ್ಬನ ಆದಾಯವಾಗಲೇಬೇಕು ಎಂಬುದು ಈ ಪುಸ್ತಕದ ನಿಯಮ.

ಹಲವು ದೇಶಗಳ ಇಂಥ ಪುಸ್ತಕಗಳನ್ನು ಒಂದಕ್ಕೊಂದು ಹೊಂದಿಸುವುದು ಒಬ್ಬ ಸಂಶೋಧಕನಿಂದ ಆಗುವ ಕೆಲಸವಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹರ್ಟೆಲ್ 1992ರಲ್ಲಿ ಆರಂಭಿಸಿದ ಜಿಟ್ಯಾಪ್ ಯೋಜನೆ ಈ ಹೊಣೆ ಹೊತ್ತಿದೆ. ಅದರ ದತ್ತಕೋಶ ಇತ್ತೀಚಿನ ಆವೃತ್ತಿಗಳಲ್ಲಿ ಅರ್ಥವ್ಯವಸ್ಥೆಯನ್ನು 65 ವಲಯಗಳಾಗಿ ವಿಂಗಡಿಸುತ್ತದೆ.

ಲೆಕ್ಕ ನಡೆಯುವ ಕ್ರಮ ಹೀಗಿದೆ. ಆಧಾರ ವರ್ಷವೊಂದರ ದತ್ತಾಂಶವನ್ನು ಮಾದರಿ ತಪ್ಪಿಲ್ಲದೆ ಮರುಸೃಷ್ಟಿಸುವಂತೆ ಅದರ ಗುಣಾಂಕಗಳನ್ನು ಮೊದಲು ಹೊಂದಿಸುತ್ತಾರೆ. ಅನಂತರ ಸುಂಕದ ಸಂಖ್ಯೆಯನ್ನು ಮಾತ್ರ ಬದಲಿಸುತ್ತಾರೆ. ಎಲ್ಲ ಮಾರುಕಟ್ಟೆಗಳಲ್ಲೂ ಬೇಡಿಕೆ ಮತ್ತು ಪೂರೈಕೆ ಮತ್ತೆ ಸಮವಾಗುವ ಹೊಸ ಬೆಲೆಗಳನ್ನು ಗಣಕಯಂತ್ರ ಹುಡುಕುತ್ತದೆ. ಹಳೆಯ ಸ್ಥಿತಿಗೂ ಹೊಸ ಸ್ಥಿತಿಗೂ ಇರುವ ಅಂತರವೇ ಒಪ್ಪಂದದ ಪರಿಣಾಮ. ‘ಒಪ್ಪಂದದಿಂದ ದೇಶದ ಉತ್ಪನ್ನ ಶೇ ಇಷ್ಟು ಏರಲಿದೆ’ ಎಂಬ ಸುದ್ದಿಯ ಮೂಲ ಇದು.

ಆರಂಭದ ಸುಂಕ ಯಾವ ವರ್ಷದ್ದು ಎಂಬುದು ಚಿಕ್ಕ ಪ್ರಶ್ನೆಯಂತೆ ಕಂಡರೂ ಅಲ್ಲ. ಆರ್‌ಸಿಇಪಿ ಮಾತುಕತೆಯಲ್ಲಿ 2014ರ ಸುಂಕವನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿತ್ತು, ಭಾರತ 2019 ಆಗಲಿ ಎಂದು ಪಟ್ಟು ಹಿಡಿಯಿತು. ಮೊಬೈಲ್ ಫೋನಿನ ಮೂಲ ಆಮದು ಸುಂಕ 2014ರಲ್ಲಿ ಸೊನ್ನೆ, 2018ರ ಬಜೆಟ್ಟಿನ ನಂತರ ಶೇ 20. ಮೊದಲ ವರ್ಷವನ್ನು ಹಿಡಿದರೆ ಆ 20 ಒಂದೇ ಏಟಿಗೆ ಅಳಿದುಹೋಗುತ್ತಿತ್ತು.

ಸೊನ್ನೆ ಸೊನ್ನೆಯಾಗಿಯೇ ಉಳಿಯುವ ತೊಡಕು

ಒಂದೇ ಸರಕನ್ನು ಒಂದು ದೇಶ ಆಮದೂ ಮಾಡಿಕೊಳ್ಳುತ್ತದೆ, ರಫ್ತೂ ಮಾಡುತ್ತದೆ. ಇದನ್ನು ವಿವರಿಸಲು ಪಾಲ್ ಆರ್ಮಿಂಗ್ಟನ್ 1969ರಲ್ಲಿ ಒಂದು ಊಹೆ ಮುಂದಿಟ್ಟರು: ಬೇರೆ ಬೇರೆ ದೇಶಗಳಲ್ಲಿ ತಯಾರಾದ ಒಂದೇ ಸರಕನ್ನು ಕೊಳ್ಳುವವರು ಬೇರೆ ಸರಕುಗಳೆಂದೇ ಭಾವಿಸುತ್ತಾರೆ. ಕೊಡಗಿನ ಕಾಫಿ ಬೇರೆ, ವಿಯೆಟ್ನಾಮಿನ ಕಾಫಿ ಬೇರೆ. ಒಂದರ ಬದಲು ಇನ್ನೊಂದಕ್ಕೆ ಎಷ್ಟು ಸುಲಭವಾಗಿ ತಿರುಗುತ್ತಾರೆ ಎಂಬುದನ್ನು ಬದಲಿ ಸ್ಥಿತಿಸ್ಥಾಪಕತ್ವ ಎಂಬ ಒಂದು ಸಂಖ್ಯೆ ಸೂಚಿಸುತ್ತದೆ. ಬಹುಪಾಲು ಸಿಜಿಇ ಮಾದರಿಗಳು ಈ ಊಹೆಯ ಮೇಲೆ ನಿಂತಿವೆ.

ಹಾಲಿನ ಪುಡಿಯಲ್ಲಿ ಇದು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ. ನಿಗದಿತವಾದ ಅಲ್ಪ ಪ್ರಮಾಣವೊಂದನ್ನು ಬಿಟ್ಟರೆ ಭಾರತದಲ್ಲಿ ಕೆನೆರಹಿತ ಹಾಲಿನ ಪುಡಿಯ ಆಮದು ಸುಂಕ ಶೇ 60. ಹೀಗಾಗಿ ಆಮದು ನಗಣ್ಯ. ದೇಶದ ಪುಡಿ 1,000 ಟನ್ ಬಳಕೆಯಾದರೆ ಆಮದು 1 ಟನ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಸುಂಕ ಪೂರ್ತಿ ಹೋದರೆ ಆಮದು ಪುಡಿಯ ಬೆಲೆ 160ರಿಂದ 100ಕ್ಕೆ ಇಳಿಯುತ್ತದೆ. ಬದಲಿ ಸ್ಥಿತಿಸ್ಥಾಪಕತ್ವ 2 ಎಂದರೆ ಆಮದು 1ರಿಂದ ಸುಮಾರು 2.6 ಟನ್ನಿಗೆ ಏರುತ್ತದೆ. 4 ಎಂದರೆ 6.6 ಟನ್, 8 ಎಂದರೆ 43 ಟನ್. ಆಧಾರ ವರ್ಷದಲ್ಲಿ ಆಮದು ಸೊನ್ನೆಯಾಗಿದ್ದರೆ ಯಾವ ಸಂಖ್ಯೆಯನ್ನು ಹಾಕಿದರೂ ಉತ್ತರ ಸೊನ್ನೆಯೇ.

ಒಂದೇ ಮಾದರಿ, ಒಂದೇ ಸುಂಕ ಕಡಿತ, ಆದರೆ ಉತ್ತರ 2.6 ಮತ್ತು 43ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಹಾಲಿನ ಪುಡಿ ಕಾಫಿಯಂಥದ್ದಲ್ಲ. ಕೆನೆ ತೆಗೆದ ಪುಡಿಗೆ ಊರಿನ ರುಚಿ ಇರುವುದಿಲ್ಲ, ನೀರಿಗೆ ಕಲಸಿದ ಮೇಲೆ ಅದು ಎಲ್ಲಿಯದೆಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಈ ಸರಕಿಗೆ ಕಡಿಮೆ ಸಂಖ್ಯೆಯನ್ನು ಬಳಸುವುದು ತಪ್ಪು. ಆರ್‌ಸಿಇಪಿ ಮಾತುಕತೆಯಲ್ಲಿದ್ದ ನ್ಯೂಜಿಲೆಂಡ್ ತನ್ನ ಹಾಲಿನ ಉತ್ಪನ್ನಗಳ ಬಹುತೇಕ ಪಾಲನ್ನು ರಫ್ತು ಮಾಡುವ ದೇಶ. ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಉತ್ಪಾದಿಸಿ ಬಹುತೇಕ ತಾನೇ ಕುಡಿಯುವ ದೇಶ. ನಂದಿನಿಯ ಕೆಎಂಎಫ್ ಆಗಲಿ ಗುಜರಾತಿನ ಅಮುಲ್ ಆಗಲಿ ಅಗ್ಗದ ಆಮದಿನ ಬಗ್ಗೆ ವ್ಯಕ್ತಪಡಿಸಿದ ಆತಂಕವನ್ನು ಕೇವಲ ಭಾವುಕತೆ ಎಂದು ತಳ್ಳಿಹಾಕಲಾಗದು. ಗಣಿತವೇ ಅದಕ್ಕೆ ಎಡೆ ಕೊಡುತ್ತದೆ.

ಮಾದರಿಗಳ ಈ ದೋಷ ಊಹೆಯ ಮಾತಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊಗಳ ನಾಫ್ಟಾ ಒಪ್ಪಂದ 1994ರ ಜನವರಿ 1ರಂದು ಜಾರಿಗೆ ಬಂತು. ಅದಕ್ಕೂ ಮೊದಲು ಪ್ರಕಟವಾಗಿದ್ದ ಮಾದರಿಗಳನ್ನು ಟಿಮತಿ ಕೀಹೊ 2005ರಲ್ಲಿ ನಿಜ ಅಂಕಿಗಳೊಂದಿಗೆ ಹೋಲಿಸಿದರು. ವ್ಯಾಪಾರದ ಏರಿಕೆಯನ್ನು ಮಾದರಿಗಳು ಬಹಳ ಕಡಿಮೆ ಅಂದಾಜಿಸಿದ್ದವು. ಮೊದಲು ಅತ್ಯಲ್ಪವಾಗಿ ವ್ಯಾಪಾರವಾಗುತ್ತಿದ್ದ ಸರಕುಗಳೇ ಒಪ್ಪಂದದ ನಂತರ ಅತಿ ವೇಗವಾಗಿ ಬೆಳೆದಿದ್ದವು ಎಂದು ಅವರು ಮತ್ತು ಕಿಮ್ ರೂಲ್ ಮುಂದೆ ತೋರಿಸಿದರು. ಆ ಬಳಿಕ ಬಂದ ಕೆಲವು ಮಾದರಿಗಳು ಈ ಪಾಠವನ್ನು ಅಳವಡಿಸಿಕೊಂಡಿವೆ. ಉದ್ಯಮಗಳ ನಡುವಣ ಕೊಂಡಿಗಳನ್ನು ಸೇರಿಸಿದ ಲೊರೆಂಜೊ ಕಾಲಿಯೆಂಡೊ ಮತ್ತು ಫರ್ನಾಂಡೊ ಪಾರೊ 2015ರಲ್ಲಿ ನಾಫ್ಟಾ ಸುಂಕ ಕಡಿತದ ಫಲವನ್ನು ಮರಳಿ ಎಣಿಸಿದರು: ಮೆಕ್ಸಿಕೊದ ಕ್ಷೇಮದಲ್ಲಿ ಶೇ 1.31ರಷ್ಟು ಏರಿಕೆ, ಅಮೆರಿಕಕ್ಕೆ ಶೇ 0.08ರಷ್ಟು ಏರಿಕೆ, ಕೆನಡಾಕ್ಕೆ ಶೇ 0.06ರಷ್ಟು ಇಳಿಕೆ.

ಕಾಗದದ ಮೇಲಿನ ಸುಂಕ, ಬಂದರಿನ ವಾಸ್ತವ

ಮಾದರಿಗೆ ಊಡಿಸುವುದು ಒಪ್ಪಂದದಲ್ಲಿ ಬರೆದಿರುವ ಸುಂಕವನ್ನು. ಭಾರತ–ಆಸಿಯಾನ್ ಸರಕು ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂದಾಗ ಕಾಳುಮೆಣಸನ್ನು ವಿಶೇಷ ಸರಕು ಎಂದು ಗುರುತಿಸಿ, ಶೇ 70ರ ಸುಂಕವನ್ನು 2019ರ ಕೊನೆಯೊಳಗೆ ಶೇ 50ಕ್ಕಷ್ಟೇ ಇಳಿಸಲು ಒಪ್ಪಲಾಗಿತ್ತು. ಕಾಫಿಗೆ ಈ ಇಳಿಕೆ 100ರಿಂದ 45ಕ್ಕೆ. ಇದನ್ನಷ್ಟೇ ನೋಡಿದರೆ ಆಸಿಯಾನ್ ಸದಸ್ಯ ದೇಶವಾದ ವಿಯೆಟ್ನಾಮಿನ ಮೆಣಸಿಗೆ ದಾರಿ ಕಿರಿದು. ಆದರೆ 2000ದಿಂದ ಜಾರಿಯಲ್ಲಿರುವ ಭಾರತ–ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಎಂಬುದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ದೂರಾಗಿತ್ತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಪಡಿಸಿತು.

ಸರಕು ನಿಜಕ್ಕೂ ಎಲ್ಲಿಯದು ಎಂದು ತೀರ್ಮಾನಿಸುವ ಕಟ್ಟಳೆಗಳಿಗೆ ಮೂಲದೇಶ ನಿಯಮ ಎಂದು ಹೆಸರು. ಅವು ಸಡಿಲವಾದರೆ ಮಾದರಿಯ ಲೆಕ್ಕಕ್ಕಿಂತ ಹೆಚ್ಚು ಸರಕು ಒಳಬರುತ್ತದೆ. ಅತಿ ಬಿಗಿಯಾದರೆ ಕಾಗದಪತ್ರದ ಗೋಜಿಗೆ ಹೋಗದೆ ವ್ಯಾಪಾರಿಗಳು ಪೂರ್ತಿ ಸುಂಕವನ್ನೇ ಕಟ್ಟುವುದೂ ಉಂಟು.

ಸುಂಕವಲ್ಲದ ತಡೆಗಳೂ ಇವೆ. ಪ್ರಾಣಿಜನ್ಯ ಆಹಾರ ತಿನ್ನಿಸದ ಜಾನುವಾರುಗಳ ಹಾಲು ಎಂಬ ಪ್ರಮಾಣಪತ್ರವನ್ನು ಭಾರತ ಕೇಳುತ್ತದೆ. ಇಂಥ ಷರತ್ತನ್ನು ‘ಇಷ್ಟು ಶೇಕಡಾ ಸುಂಕಕ್ಕೆ ಸಮ’ ಎಂದು ಪರಿವರ್ತಿಸಿದ ಮೇಲೆಯೇ ಮಾದರಿ ಅದನ್ನು ಅರಗಿಸಿಕೊಳ್ಳುತ್ತದೆ. ಆ ಪರಿವರ್ತನೆಯಲ್ಲಿ ಲೆಕ್ಕಿಗನ ವಿವೇಚನೆಯೇ ಹೆಚ್ಚು.

ಕೆಲಸ ಕಳೆದುಕೊಂಡವರು ಎಲ್ಲಿಗೆ ಹೋಗುತ್ತಾರೆ?

ಹಲವು ಸಿಜಿಇ ಮಾದರಿಗಳಲ್ಲಿ ಒಟ್ಟು ಉದ್ಯೋಗ ಸ್ಥಿರ ಎಂದು ಮೊದಲೇ ಇಟ್ಟುಕೊಂಡಿರುತ್ತಾರೆ. ಒಂದು ವಲಯದಲ್ಲಿ ಕೆಲಸ ಹೋದವರು ಇನ್ನೊಂದರಲ್ಲಿ ಸೇರಿಕೊಳ್ಳುತ್ತಾರೆ, ಕೂಲಿ ಮಾತ್ರ ಹೆಚ್ಚುಕಡಿಮೆ ಆಗುತ್ತದೆ. ಹಾಗಿದ್ದಾಗ ನಿರುದ್ಯೋಗ ಹೆಚ್ಚಲಿಲ್ಲ ಎಂಬ ಫಲಿತಾಂಶ ಮಾದರಿಯ ಶೋಧವಲ್ಲ, ಅದರ ಷರತ್ತು. ಹೈನುಗಾರಿಕೆ ಭಾರತದಲ್ಲಿ ಸುಮಾರು 8 ಕೋಟಿ ಗ್ರಾಮೀಣ ಕುಟುಂಬಗಳ ಕಸುಬು ಎಂದು ಸರ್ಕಾರ ಹೇಳುತ್ತದೆ. ಎರಡು ಹಸು ಕಟ್ಟಿಕೊಂಡು ಹದಿನೈದು ದಿನಕ್ಕೊಮ್ಮೆ ಡೇರಿಯಿಂದ ಬಟವಾಡೆ ಪಡೆಯುವ ಹೆಣ್ಣುಮಗಳು ಬಿಡಿಭಾಗಗಳ ಕಾರ್ಖಾನೆಗೆ ಸೇರುತ್ತಾಳೆ ಎಂಬ ಷರತ್ತು ಒಪ್ಪುವಂಥದ್ದಲ್ಲ.

ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ 2013ರಲ್ಲಿ ಅಮೆರಿಕವನ್ನು 722 ಸ್ಥಳೀಯ ಉದ್ಯೋಗ ಪ್ರದೇಶಗಳಾಗಿ ವಿಂಗಡಿಸಿ, ಚೀನಾದ ಆಮದು ಹೆಚ್ಚು ತಟ್ಟಿದ ಕಡೆ ನಿರುದ್ಯೋಗ ಹೆಚ್ಚಿ ಕೂಲಿ ತಗ್ಗಿದ್ದನ್ನು ತೋರಿಸಿದರು. ದೇಶದ ಸರಾಸರಿ ಲಾಭ ಮತ್ತು ಒಂದು ತಾಲ್ಲೂಕಿನ ನಷ್ಟ ಎರಡೂ ಒಟ್ಟಿಗೆ ನಿಜವಾಗಿರಬಹುದು.

ಎಲ್ಲಿ ಬಳಸುತ್ತಾರೆ?

ಬ್ರಿಟನ್ ಸರ್ಕಾರ ಪೆಸಿಫಿಕ್ ವಲಯದ ಸಿಪಿಟಿಪಿಪಿ ಒಪ್ಪಂದಕ್ಕೆ ಸೇರುವ ಮುನ್ನ, 2021ರಲ್ಲಿ, ತನ್ನ ಉತ್ಪನ್ನ ದೀರ್ಘಾವಧಿಯಲ್ಲಿ ಶೇ 0.08ರಷ್ಟು ಏರಬಹುದೆಂದು ಪ್ರಕಟಿಸಿತು. ಅಲ್ಲಿನ 11 ದೇಶಗಳ ಪೈಕಿ ಮಲೇಷ್ಯಾ ಮತ್ತು ಬ್ರೂನೈ ಬಿಟ್ಟು ಉಳಿದವುಗಳೊಂದಿಗೆ ಅದರ ಬೇರೆ ಒಪ್ಪಂದಗಳು ಆಗಿದ್ದದ್ದು ಇಲ್ಲವೇ ಮಾತುಕತೆಯಲ್ಲಿದ್ದದ್ದು ಸಂಖ್ಯೆ ಸಣ್ಣದಾಗಲು ಒಂದು ಕಾರಣ. ಆರ್‌ಸಿಇಪಿಯಿಂದ 2030ರ ವೇಳೆಗೆ ಜಗತ್ತಿನ ಆದಾಯ ವರ್ಷಕ್ಕೆ 18,600 ಕೋಟಿ ಡಾಲರ್ ಹೆಚ್ಚಬಹುದೆಂದು ಪೀಟರ್ ಪೆಟ್ರಿ ಮತ್ತು ಮೈಕೆಲ್ ಪ್ಲಮ್ಮರ್ 2020ರಲ್ಲಿ ಅಂದಾಜಿಸಿದ್ದೂ ಸಿಜಿಇ ಮಾದರಿಯಿಂದಲೇ.

ಅಮೆರಿಕದಲ್ಲಿ ಇಂಥ ವರದಿ ಸಿದ್ಧಪಡಿಸುವುದು ಅಂತರರಾಷ್ಟ್ರೀಯ ವ್ಯಾಪಾರ ಆಯೋಗದ ಕಾನೂನಾತ್ಮಕ ಕರ್ತವ್ಯ. ನಾಫ್ಟಾದ ಬದಲಿಗೆ ಬಂದ ಒಪ್ಪಂದದ ಬಗ್ಗೆ 2019ರ ಏಪ್ರಿಲ್‌ನಲ್ಲಿ ಅದು ಕೊಟ್ಟ ವರದಿ ಓದಲು ಯೋಗ್ಯವಾದದ್ದು. ದೇಶದ ಉತ್ಪನ್ನ ಶೇ 0.35ರಷ್ಟು ಏರುತ್ತದೆ ಎಂಬುದು ಅದರ ಮುಖ್ಯ ಅಂಕಿ. ನಿಯಮಗಳು ಏಕಾಏಕಿ ಬದಲಾಗವು ಎಂಬ ಭರವಸೆಗೆ ಕೊಟ್ಟ ಬೆಲೆಯನ್ನು ತೆಗೆದುಹಾಕಿದರೆ ಫಲಿತಾಂಶ ಋಣಾತ್ಮಕವಾಗುತ್ತದೆ ಎಂಬುದನ್ನೂ ಆಯೋಗ ಅದೇ ವರದಿಯಲ್ಲಿ ಬರೆಯಿತು. ಊಹೆಗಳನ್ನು ಹೀಗೆ ಬಿಚ್ಚಿಟ್ಟ ಲೆಕ್ಕವನ್ನು ಒಪ್ಪದವರೂ ಪರೀಕ್ಷಿಸಬಹುದು. ಭಾರತ ಮಾಡಿಕೊಳ್ಳುವ ಪ್ರತಿ ಒಪ್ಪಂದಕ್ಕೂ ಇಂಥ ವರದಿ ಸಹಿಗೆ ಮೊದಲೇ, ರೈತರೂ ಓದಬಲ್ಲ ಭಾಷೆಗಳಲ್ಲಿ ಪ್ರಕಟವಾಗಬೇಕು.

ಆರ್‌ಸಿಇಪಿ ಸದಸ್ಯ ದೇಶಗಳಲ್ಲಿ ಒಂದಾದ ಆಸ್ಟ್ರೇಲಿಯಾದೊಂದಿಗೆ ಭಾರತ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. ಅದು 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಭಾರತ ಅದರ ಸುಂಕ ಕಡಿತದ ಪಟ್ಟಿಯಿಂದ ಹೊರಗಿಟ್ಟಿದೆ.